ಮಂಗಳಾರತಿ ಮಷಿನ್ನಿಗೆ ಬುದ್ಧಿ ತುಂಬಿದ್ದು

ನಮ್ಮ ಕಸುಬಿನಲ್ಲಿ ಒಂದು ದಿನ ತೊಂದರೆಯಿಲ್ಲದೆ ಕಳೆದರೆ ನನಗೇ ಭಯ, ನಾಳೆಗೆ ಎರಡು ಕಾದಿದೆ ಅಂತ. ಶಂಕರಪುರದ ನಮ್ಮನೆ ಮುಂದಿನ ಕೋಣೆಯೇ ನನ್ನ ವರ್ಕ್‌ಶಾಪು. ನೀರಿನ ಮೋಟರು, ಲೈಟು, ಇಂಥವನ್ನ ತಾನಾಗೇ ಆನ್ ಆಫ್ ಮಾಡೋ ಬೋರ್ಡು ಮಾಡಿಕೊಡ್ತೀನಿ. ಬೋರ್ಡಿನ ಮೇಲೆ ಉಗುರಿನಷ್ಟಗಲ ಒಂದು ಚಿಪ್ಪು. ಅದನ್ನ ಬೆಸುಗೆ ಹಾಕಿ ಕೂರಿಸಿ, ಆಮೇಲೆ ಲ್ಯಾಪ್‌ಟಾಪಿನಿಂದ ಒಂದು ಪುಟ್ಟ ಡಬ್ಬಿಯ ಮೂಲಕ ಅದಕ್ಕೆ ಪ್ರೋಗ್ರಾಮ್ ತುಂಬಬೇಕು. ಕೇಳೋಕೆ ಇಷ್ಟೇ. ತುಂಬೋಕೆ ಕೂತಾಗ ಗೊತ್ತಾಗುತ್ತೆ.

೧. ಅತ್ತೆ ಕೊಟ್ಟ ಮಾತು

ನಮ್ಮ ಬೀದಿ ದೇವಸ್ಥಾನದಲ್ಲಿ ಮಂಗಳಾರತಿಗೆ ನಗಾರಿ, ಜಾಗಟೆ, ಗಂಟೆ ಎಲ್ಲ ಒಟ್ಟಿಗೆ ಬಾರಿಸೋ ಮಷಿನ್ ಇದೆ. ಸ್ವಿಚ್ ಹಾಕೋರು ಯಾರು, ಆರಿಸೋರು ಯಾರು ಅಂತ ದಿನಾ ಜಗಳ. ಕಮಿಟಿ ಮೀಟಿಂಗಿನಲ್ಲಿ ನಮ್ಮತ್ತೆ ಎದ್ದು ನಿಂತು, "ನನ್ನ ಸೊಸೆ ಮಾಡ್ಕೊಡ್ತಾಳೆ. ಗುಂಡಿ ಒತ್ತಿದ್ರೆ ಮೂರು ನಿಮಿಷ ಬಾರಿಸಿ ತಾನೇ ನಿಲ್ಲುತ್ತೆ. ಈ ಶುಕ್ರವಾರಕ್ಕೇ!" ಅಂದುಬಿಟ್ಟರಂತೆ.

"ಅತ್ತೆ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಎರಡು ವಾರ ಬೇಕು ಅಂತಿದ್ದೆ. ‘ನಿಮ್ಮ ಸೊಸೇನಾ?’ ಅಂತ ಎಲ್ಲ ಮುಸಿಮುಸಿ ನಕ್ಕರು ಕಣೇ. ಶುಕ್ರವಾರ ಆಗಲಿಲ್ವೋ, ನಾನು ಆ ಮೆಟ್ಟಿಲು ಹತ್ತಲ್ಲ. ಬೇರೆ ದೇವಸ್ಥಾನಕ್ಕೆ ನಡೆಯೋಕೆ ನನ್ನ ಮಂಡಿ ಬಿಡಲ್ಲ."

ಹೀಗೆ ಅತ್ತೆಯ ಮರ್ಯಾದೆ, ಮಂಡಿ ಎರಡೂ ಒಂದು ಚಿಪ್ಪಿನ ಮೇಲೆ ಬಂದು ನಿಂತವು.

೨. ಆರು ತೂತು

ಸೋಮವಾರ ಬೋರ್ಡು ರೆಡಿಯಾಯ್ತು. ಡಬ್ಬಿಗೆ ಕೇಬಲ್ ಸಿಕ್ಕಿಸಿದರೆ ಲ್ಯಾಪ್‌ಟಾಪು "ಚಿಪ್ಪು ಸಿಗುತ್ತಿಲ್ಲ" ಅಂತು. ಕಣ್ಣೆದುರೇ ಇದೆಯಲ್ಲೋ ಕತ್ತೆ! ಕೇಬಲ್ ಬದಲಾಯಿಸಿದೆ, ಚಿಪ್ಪು ಬದಲಾಯಿಸಿದೆ, ಊಟ ಬಿಟ್ಟೆ. ಊಹೂಂ.

ಮಂಗಳವಾರ ಮೇಷ್ಟ್ರು ಬಂದರು. ಪಾಲಿಟೆಕ್ನಿಕ್‌ನಲ್ಲಿ ನನಗೆ ಪಾಠ ಹೇಳಿದವರು, ಈಗ ರಿಟೈರಾಗಿ ಚಾಮರಾಜಪೇಟೆಯಿಂದ ನಡೆದುಬಂದು ನನಗೆ ಕೈಜೋಡಿಸ್ತಾರೆ. ಭೂತಗನ್ನಡಿ ಹಿಡಿದು ಡಬ್ಬಿಯ ಬಾಯಿ ನೋಡಿದರು.

"ಒಳಗೆ ಕೆಂಪಗೆ ಏನಮ್ಮಾ ಇದು?"

ಹಿಂದಿನ ವಾರ ಆಯುಧಪೂಜೆ. ಅತ್ತೆ ಒಂದು ಸ್ಕ್ರೂಡ್ರೈವರನ್ನೂ ಬಿಡದೆ ಅರಿಶಿನ ಕುಂಕುಮ ಇಟ್ಟಿದ್ದರು. ಡಬ್ಬಿಯ ಬಾಯಲ್ಲಿ ಆರು ತೂತು. ನೀರಲ್ಲಿ ಕಲಸಿದ ಕುಂಕುಮ, ತೂತಿಗೊಂದೊಂದು ಬೊಟ್ಟು! ಮೇಷ್ಟ್ರು ಬ್ರಷ್ ತಗೊಂಡು ಉಜ್ಜೋಕೆ ಶುರುಮಾಡಿದ್ದೇ ತಡ, ಅತ್ತೆ ಓಡಿಬಂದರು.

"ಅಳಿಸ್ಬೇಡಿ ಮೇಷ್ಟ್ರೇ! ಸ್ಕೂಟರಿಗೂ ಇಟ್ಟಿದೀನಿ, ಅದು ಓಡ್ತಿಲ್ವಾ?"

೩. ಮೇಷ್ಟ್ರ ಕೈಗುಣ

ಕುಂಕುಮ ಹೋಯ್ತು. ಇದೂ ಇರಲಿ ಅಂತ ಮೇಷ್ಟ್ರು ತಾವೇ ಹೊಸ ಚಿಪ್ಪು ಕೂರಿಸಿದರು, ಚಿಪ್ಪು ಸಿಕ್ಕಿತು. ಆದರೆ ಮೇಷ್ಟ್ರು ಅದರ ಮೇಲೆ ಬೆರಳಿಟ್ಟಾಗ ಮಾತ್ರ! ಬೆರಳು ತೆಗೆದರೆ ಮಾಯ. ನಾನಿಟ್ಟರೆ ಇಲ್ಲ, ನನ್ನ ಗಂಡ ಇಟ್ಟರೆ ಇಲ್ಲ.

"ಕೈಗುಣ ಅಂದ್ರೆ ಇದು ನೋಡು," ಅಂದರು ಅತ್ತೆ.

ಮೇಷ್ಟ್ರು ಉಬ್ಬಿಹೋದರು. "ಕೈಗುಣ ಅಲ್ಲಮ್ಮಾ, ಮನುಷ್ಯನ ಮೈಯಲ್ಲೂ ವಿದ್ಯುತ್ತಿದೆ" ಅಂತ ಶುರುಮಾಡಿ, ಬೆರಳು ತೆಗೆಯದೆ ಅರ್ಧ ಗಂಟೆ ಪಾಠ ಹೇಳಿದರು. ಅತ್ತೆ ತಂದ ಕಾಫಿಯನ್ನ ಎಡಗೈಯಲ್ಲೇ ಕುಡಿದರು. ಗುರುವಾರದ ಹೊತ್ತಿಗೆ ನನಗೆ ರೇಗಿಹೋಗಿ, ಭೂತಗನ್ನಡಿ ಕಿತ್ತುಕೊಂಡು ಬೆರಳಿನ ಕೆಳಗೇ ನೋಡಿದೆ. ಚಿಪ್ಪಿನ ಒಂದು ಕಾಲಿಗೆ ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ. ಅವರು ಸರಿಯಾಗಿ ಆ ಕಾಲನ್ನೇ ಒತ್ತುತ್ತಿದ್ದರು.

"ಯಾರಮ್ಮಾ ಇಷ್ಟು ಕೆಟ್ಟದಾಗಿ ಬೆಸುಗೆ ಹಾಕಿದ್ದು?" ಅಂತ ಗುಡುಗಿದರು.

"ನೀವೇ, ಮೇಷ್ಟ್ರೇ."

೪. ಶುಕ್ರವಾರ

ಬೆಸುಗೆ ಸರಿಮಾಡಿ ಪ್ರೋಗ್ರಾಮ್ ತುಂಬೋ ಹೊತ್ತಿಗೆ ಶುಕ್ರವಾರ ಸಂಜೆ. ಲ್ಯಾಪ್‌ಟಾಪು "ಸರಿಯಾಗಿದೆ" ಅಂತು. "ಮೂರು ನಿಮಿಷ ಓಡಿಸಿ ನೋಡೋಣ" ಅಂದರು ಮೇಷ್ಟ್ರು. ಅತ್ತೆ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಇನ್ನೆಲ್ಲಿ ನೋಡೋದು!

ದೇವಸ್ಥಾನದ ತುಂಬ ಜನ. ಅರ್ಚಕರು ಆರತಿ ಎತ್ತಿದರು, ನಾನು ಗುಂಡಿ ಒತ್ತಿದೆ. ಢಣಢಣ, ಗುಡುಗುಡು! ಅತ್ತೆ ಮುಖ ನೋಡಬೇಕಿತ್ತು, ನನಗಂತೂ ಕಣ್ಣು ತುಂಬಿತು.

ಮೂರು ನಿಮಿಷ ಆಯ್ತು. ನಾಲ್ಕು. ಎಂಟು. ಮಷಿನ್ ನಿಲ್ಲಲಿಲ್ಲ. ಆಗ ಹೊಳೀತು ನೋಡಿ. ಅವಸರದಲ್ಲಿ ನಾನು ತುಂಬಿದ್ದು ಎನ್.ಆರ್. ಕಾಲೋನಿಯ ಒಂದು ಅಪಾರ್ಟ್‌ಮೆಂಟಿನ ನೀರಿನ ಮೋಟರಿನ ಪ್ರೋಗ್ರಾಮು! ಟ್ಯಾಂಕು ತುಂಬೋವರೆಗೂ ಅದು ನಿಲ್ಲಲ್ಲ. ದೇವಸ್ಥಾನದಲ್ಲಿ ಟ್ಯಾಂಕೆಲ್ಲಿಂದ ಬರಬೇಕು?

ಪ್ಲಗ್ ಕೀಳೋಣ ಅಂದರೆ ಆರತಿ ನಡೀತಿದೆ. ಆರತಿ ಮುಗಿಯೋ ಮುಂಚೆ ಗಂಟೆ ನಿಲ್ಲಿಸೋದುಂಟೇ? ಮುಗಿಯಲಿ ಅಂತ ಕಾದೆ. ಅರ್ಚಕರೋ ಕರ್ಪೂರದ ಮೇಲೆ ಕರ್ಪೂರ ಹಾಕಿಕೊಂಡು, ಬಲಗೈ ಸೋತು ಎಡಗೈ ಆಸರೆ ಕೊಟ್ಟು, ಬೆವರು ಸುರಿಸ್ತಾ ಎತ್ತುತ್ತಲೇ ಇದ್ದಾರೆ. ಬಳೇಪೇಟೆಯಿಂದ ಸಾಮಾನು ತಂದ ಆಟೋದವನೂ ಗಾಡಿ ನಿಲ್ಲಿಸಿ ಒಳಗೆ ಬಂದು ಕೈಮುಗಿದು ನಿಂತ. ಇಪ್ಪತ್ತು ನಿಮಿಷ!

ಕೊನೆಗೆ ಅತ್ತೆಯೇ ಕುಂಟುತ್ತಾ ಹೋಗಿ ಪ್ಲಗ್ ಕಿತ್ತರು. ಅರ್ಚಕರು ತಟ್ಟೆ ಇಳಿಸಿ ಉಸ್ಸಂತ ಕೂತರು.

"ಏನಮ್ಮಾ ಇದು! ಗಂಟೆ ನಿಲ್ಲೋವರೆಗೂ ಆರತಿ ಇಳಿಸಬಾರದು ಅಂತ ನಾನು ಕಾಯ್ತಿದ್ರೆ..."

"ಆರತಿ ಇಳಿಯೋವರೆಗೂ ಗಂಟೆ ನಿಲ್ಲಿಸಬಾರದು ಅಂತ ನಾನು..." ಅಂದೆ.

ಅತ್ತೆ ಮಾನ ನನ್ನ ಕೈಯಾರೆ ಕಳೆದೆ ಅಂತ ತಲೆ ತಗ್ಗಿಸಿದೆ.

ಅತ್ತೆ ಪ್ಲಗ್ ಹಿಡಿದುಕೊಂಡೇ ಜನದ ಕಡೆ ತಿರುಗಿದರು.

"ನನ್ನ ಸೊಸೆ ಮಾಡಿರೋದು. ಸುಸ್ತಾಗಿದ್ದು ಅರ್ಚಕರಿಗೆ, ಮಷಿನ್ನಿಗಲ್ಲ!"