ಎದುರು ಫ್ಲ್ಯಾಟು ಮಾರಾಟಕ್ಕಿದೆ

ಪಕ್ಕದವರ ಒಡವೆ, ಕಾರು, ಮಕ್ಕಳ ಮಾರ್ಕ್ಸು ನೋಡಿ ಹೊಟ್ಟೆ ಉರಿದುಕೊಳ್ಳುವವರ ಮೇಲೆ ನನಗೆ ಗೌರವವಿದೆ. ಅವರ ಹೊಟ್ಟೆಕಿಚ್ಚಿಗೆ ಕೈ ಮಾಡಿ ತೋರಿಸಬಹುದಾದ ಒಂದು ಕಾರಣವಾದರೂ ಇರುತ್ತದೆ. ನನ್ನದು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಕೊಳ್ಳುವಂಥದ್ದಲ್ಲ. ಎದುರು ಮನೆಯ ಸರೋಜಕ್ಕ ಫ್ಲ್ಯಾಟು ಮಾರಿ ಹೊರಡುವವರಿದ್ದರು. ಅವರು ಹೋಗುತ್ತಾರಲ್ಲ ಎಂದು ಬಿಲ್ಡಿಂಗಿಗೆ ಬಿಲ್ಡಿಂಗೇ ಕಣ್ಣೀರು ಹಾಕುತ್ತಿತ್ತು. ಆ ಕಣ್ಣೀರು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ನಮ್ಮದು ಮಾರೇನಹಳ್ಳಿಯ ಒಂದು ಹಳೇ ಅಪಾರ್ಟ್‌ಮೆಂಟು. ಲಿಫ್ಟಿದೆ, ಅದಕ್ಕೆ ಮನಸ್ಸು ಬಂದ ದಿನ ಓಡುತ್ತದೆ. ಕೆಳಗಿನ ಮಹಡಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮಾಂಗಿಲಾಲ್ ಭಾಯಿ, ಅವರ ಪಕ್ಕದಲ್ಲಿ ತಮಿಳಿನ ರಾಜೇಶ್ವರಿ ಆಂಟಿ, ಮೇಲೆ ತೆಲುಗಿನವರು, ಕೇರಳದ ಒಬ್ಬ ನರ್ಸು, ಉರ್ದು ಮಾತಾಡುವ ಟೈಲರ್ ಸಂಸಾರ. ಬೆಳಿಗ್ಗೆ ಮೆಟ್ಟಿಲಿಳಿದರೆ ಸ್ಕೂಲಿಗೆ ಹೊರಡದ ಮಕ್ಕಳಿಗೆ ಇಷ್ಟೂ ಭಾಷೆಗಳಲ್ಲಿ ಬೈಗುಳ ಕೇಳಿಸುತ್ತದೆ. ಸರೋಜಕ್ಕ ಹಾವೇರಿ ಕಡೆಯವರು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಆದರೂ ಅವರ ಹಾವೇರಿ ಕನ್ನಡ ಎಲ್ಲರಿಗೂ ಅರ್ಥವಾಗುತ್ತಿತ್ತು. ಎಲ್ಲರೂ ತಮ್ಮ ಕಷ್ಟವನ್ನು ಅವರ ಹತ್ತಿರವೇ ಹೇಳಿಕೊಳ್ಳುತ್ತಿದ್ದರು. ನನಗೆ ತಮಿಳು, ತೆಲುಗು, ಹಿಂದಿ ಮೂರೂ ಬರುತ್ತವೆ. ಮೂರರಲ್ಲೂ ನನ್ನನ್ನು ಯಾರೂ ಮಾತಾಡಿಸುವುದಿಲ್ಲ.

ಸರೋಜಕ್ಕನಿಗೆ ಮಂಡಿ ನೋವು. ಜ್ಞಾನಭಾರತಿಯ ಹತ್ತಿರ ಅವರ ತಂಗಿಯ ಮನೆ ಪಕ್ಕದಲ್ಲೇ ಮೆಟ್ಟಿಲು ಹತ್ತುವ ಕೆಲಸವಿಲ್ಲದ ಮನೆ ಸಿಕ್ಕಿತ್ತು. ‘ಗಾಳಿ ಬೆಳಕು ಚೆನ್ನಾಗಿದೆ, ಹೊಸಹಳ್ಳಿ ಮೆಟ್ರೋಗೆ ನಡೆದೇ ಹೋಗಬಹುದು’ ಎಂದು ಬ್ರೋಕರ್ ನಮ್ಮ ಬಿಲ್ಡಿಂಗಿನ ಗೇಟಿಗೆ ಬೋರ್ಡು ನೇತುಹಾಕಿದ್ದೇ ತಡ, ರಾಜೇಶ್ವರಿ ಆಂಟಿ ಮುರುಕು ಕರಿದುಕೊಂಡು ಸೆರಗಿನಲ್ಲಿ ಕಣ್ಣೊರೆಸುತ್ತಾ ಬಂದರು. ನರ್ಸು ರಜೆ ಹಾಕಿ ಮಂಡಿಗೆ ಎಣ್ಣೆ ತಿಕ್ಕಿದಳು. ಸರೋಜಕ್ಕ ಮಲಗಿ ಬಾಗಿಲು ತೆಗೆಯದಿದ್ದರೆ ಜನ ನನ್ನ ಬೆಲ್ಲು ಒತ್ತುತ್ತಿದ್ದರು. “ಮೇಡಂ, ಈ ಡಬ್ಬಿ ಸರೋಜಕ್ಕಂಗೆ ಕೊಟ್ಬಿಡಿ ಪ್ಲೀಸ್.” ಬಿರಿಯಾನಿ, ಪುಳಿಯೋಗರೆ, ಅಪ್ಪಂ ಎಲ್ಲವೂ ನನ್ನ ಕೈಮೇಲೇ ದಾಟಿಹೋದವು. ಘಮಘಮ ಮಾತ್ರ ನನ್ನ ಪಾಲು.

ಒಂದು ಸಂಜೆ ತಡೆಯಲಾರದೆ ನಮ್ಮನೆಯವರನ್ನು ಕೇಳಿದೆ. “ಅಲ್ರೀ, ನಾವು ಮನೆ ಮಾರ್ತೀವಿ ಅಂದ್ರೆ ಯಾರಾದ್ರೂ ಅಳ್ತಾರಾ?”

ಅವರು ಪೇಪರಿನಿಂದ ತಲೆಯೆತ್ತದೆ, “ಬ್ರೋಕರ್ ಅಳಬಹುದು. ನಮ್ಮ ಅಡುಗೆಮನೆ ತೋರಿಸ್ಬೇಕಲ್ಲ” ಎಂದರು.

ಇದನ್ನು ಪರೀಕ್ಷೆ ಮಾಡಿಯೇ ನೋಡಬೇಕೆಂದು ನನಗೆ ಹಟ ಬಂತು. ಆ ಭಾನುವಾರ ನೀರಿನ ಟ್ಯಾಂಕು ತೊಳೆಸುವ ವಿಷಯಕ್ಕೆ ಟೆರೇಸಿನಲ್ಲಿ ಮೀಟಿಂಗಿತ್ತು. ಎಲ್ಲರೂ ಏಳುವ ಹೊತ್ತಿಗೆ ನಾನೊಂದು ನಿಟ್ಟುಸಿರು ಬಿಟ್ಟು, “ನಾವೂ ಮಾರಿ ಹೋಗೋಣ ಅಂತಿದೀವಿ” ಎಂದೆ. ಎಲ್ಲರೂ ತಟ್ಟನೆ ನನ್ನತ್ತ ತಿರುಗಿದರು. ಇನ್ನೇನು ಯಾರಾದರೂ ಬಂದು ಕೈ ಹಿಡಿದುಕೊಳ್ಳುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ.

“ಯಾವಾಗ ಖಾಲಿ ಮಾಡ್ತೀರಾ ಮೇಡಂ?” ಎಂದರು ಮಾಂಗಿಲಾಲ್ ಭಾಯಿ, ಮುಖ ಅರಳಿಸಿಕೊಂಡು. “ನಮ್ದು ಹೆಂಡ್ತಿ ತಮ್ಮ ಮನೆ ಹುಡುಕ್ತಾ ಐತೆ.”

ರಾಜೇಶ್ವರಿ ಆಂಟಿ ನನ್ನ ಕೈ ಹಿಡಿದುಕೊಂಡಿದ್ದೇನೋ ನಿಜ. “ನಿಮ್ದು ಕಾರ್ನರ್ ಪಾರ್ಕಿಂಗ್ ಇದೆಯಲ್ಲಮ್ಮಾ, ಅದನ್ನ ನಮಗೆ ಬಿಟ್ಟುಕೊಡೋಕೆ ಆಗುತ್ತಾ?”

ನಾನು ತರಕಾರಿ ಕೊಂಡು ಮನೆ ಸೇರುವಷ್ಟರಲ್ಲಿ ಮಾಂಗಿಲಾಲ್ ಭಾಯಿ ಅಳತೆ ಟೇಪು ಹಿಡಿದು, ಭಾಮೈದನ ಸಮೇತ ನಮ್ಮ ಮನೆಯೊಳಗಿದ್ದರು. ನಮ್ಮನೆಯವರಿಗೆ ವಿಷಯ ಗೊತ್ತಿರಲಿಲ್ಲ. ಬನಿಯನ್ನಿನಲ್ಲೇ ಬಾಗಿಲು ತೆಗೆದು, ಬಂದವರನ್ನು ನೇರ ಬಚ್ಚಲಿಗೆ ಕರೆದುಕೊಂಡು ಹೋಗಿ ಸೋರುವ ನಲ್ಲಿ ತೋರಿಸುತ್ತಿದ್ದರು. ನನ್ನನ್ನು ನೋಡಿ, “ಇವರು ರಿಪೇರಿಗೆ ಬಂದವರಲ್ವೇನೇ?” ಎಂದರು.

ಅವರನ್ನು ಹೇಗೋ ಸಾಗಹಾಕಿ ಕೂತಿದ್ದೆ. ಅಷ್ಟರಲ್ಲಿ ಸರೋಜಕ್ಕ ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಕೆಂಪಾಗಿತ್ತು.

“ಏನ್ರೀ ಯವ್ವಾ, ನೀವೂ ಹೊಂಟೀರಂತ? ಮತ್ತ ನಾ ಇಷ್ಟು ದಿನ ಬಡಕೊಂಡಿದ್ದೆಲ್ಲಾ ಯಾರ ಸಲುವಾಗಿ?”

ನನಗೆ ಅರ್ಥವಾಗಲಿಲ್ಲ. ಅವರು ಕುರ್ಚಿ ಎಳೆದುಕೊಂಡರು.

“ಮನಿ ನೋಡಾಕ ಬಂದೋರಿಗೆಲ್ಲಾ ಮೊದ್ಲ ನಿಮ್ಮ ಸುದ್ದಿನ ಹೇಳ್ತಿದ್ದೆ. ‘ಎದುರಿಗೆ ಒಬ್ಬಾಕಿ ಅದಾಳ, ಮಾತು ಕಮ್ಮಿ, ಮಾರಿ ಗಂಟು ಹಾಕ್ಕೊಂಡಿರ್ತಾಳ, ಆದ್ರ ಹೆದರಬ್ಯಾಡ್ರಿ. ನಾ ಬಚ್ಚಲದಾಗ ಬಿದ್ದಾಗ ಎತ್ತಿ ದವಾಖಾನಿಗೆ ಒಯ್ದಾಕಿ ಅಕಿನ. ಅಕಿ ಜೋಡಿ ಹೊಂದ್ಕೊಂಡು ಇರ್ತೀನಿ ಅಂದ್ರಷ್ಟ ಮನಿ ತಗೋರಿ’ ಅಂತಿದ್ದೆ.”

“ಓ, ಅದಕ್ಕೇ ಇನ್ನೂ ಮಾರಾಟ ಆಗಿಲ್ಲ” ಎಂದು ಒಳಗಿನಿಂದ ನಮ್ಮನೆಯವರ ದನಿ ಬಂತು.

ನಾನು ಅತ್ತುಬಿಟ್ಟೆ. ಅಳುತ್ತಲೇ ನಿಜ ಹೇಳಿದೆ. ಸರೋಜಕ್ಕ ನಕ್ಕ ನಗೆಗೆ ಅವರ ಮಂಡಿ ನೋವೇ ಮರೆತುಹೋಗಿರಬೇಕು. “ಅಯ್ಯ, ಯಾರರ ಅಳಬೇಕಂದ್ರ ನನಗ ಹೇಳೂದಿಲ್ಲೇನು? ಎದುರುಮನಿಯಿಂದ ಬಂದು ಅತ್ತು ಹೋಗ್ತಿದ್ದೆ!”

ಮಾರನೇ ದಿನ ನಾವು ಮಾರುವುದಿಲ್ಲವೆಂದು ತಿಳಿದಾಗ ಮಾಂಗಿಲಾಲ್ ಭಾಯಿಯ ಕಣ್ಣು ತುಂಬಿಬಂತು. ಕೊನೆಗೂ ನನಗಾಗಿ ಒಬ್ಬರು ಕಣ್ಣೀರಿಟ್ಟರು, ನಾನು ಹೋಗುವುದಿಲ್ಲವೆಂದು. ಆಮೇಲೆ ಅವರ ಭಾಮೈದನೇ ಸರೋಜಕ್ಕನ ಫ್ಲ್ಯಾಟು ಕೊಂಡ. ನನ್ನ ವಿಷಯದ ಷರತ್ತಿಗೆ ಅವನ ಹೆಂಡತಿ ಕವಿತಾ ಧೈರ್ಯ ಮಾಡಿ ಒಪ್ಪಿದಳಂತೆ. ಸಾಮಾನಿನ ಟೆಂಪೋ ಹೊರಟ ದಿನ ಗೇಟಿನ ಬಳಿ ಎಲ್ಲರೂ ಅತ್ತರು. ನಾನೂ ಅತ್ತೆ. ನಡುವೆ ಒಂದು ಸಲ ರಾಜೇಶ್ವರಿ ಆಂಟಿ ನನಗಿಂತ ಜಾಸ್ತಿ ಅಳುತ್ತಿದ್ದಾರೋ ಏನೋ ಎಂದು ಓರೆಗಣ್ಣಿನಲ್ಲಿ ನೋಡಿದ್ದೂ ಉಂಟು.

ಗೃಹಪ್ರವೇಶ ಮುಗಿದ ಮಧ್ಯಾಹ್ನ ಕವಿತಾ ತಟ್ಟೆ ತುಂಬ ಬೇಸನ್ ಲಡ್ಡು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. “ಫಸ್ಟ್ ನಿಮಗೇ ಕೊಡಬೇಕು ಅಂತ ಸರೋಜಕ್ಕ ಹೇಳಿದಾರೆ ದೀದಿ.”

“ಹಾಗಾದ್ರೆ ಇನ್ನೂ ಯಾರಿಗೂ ಕೊಟ್ಟಿಲ್ವಾ?” ಎಂದು ಕೇಳಿದೆ.

“ಇಲ್ಲ ದೀದಿ. ಮಿಕ್ಕವರಿಗೆಲ್ಲ ನಾಳೆ.”

ಅಂದು ಸಂಜೆ ನಾನು ಮನೆಗೊಂದರಂತೆ ಬಟ್ಟಲು ಹಿಡಿದು, ಹಾಲಿಗೆ ಹೆಪ್ಪು ಬೇಕೆಂದು ಬಿಲ್ಡಿಂಗಿನ ಪ್ರತಿ ಬಾಗಿಲನ್ನೂ ತಟ್ಟಿದೆ. ಹೆಪ್ಪು ಹಾಕಿಸಿಕೊಂಡು ಹೊರಡುವಾಗ, ಆಗಷ್ಟೇ ನೆನಪಾದವಳಂತೆ ತಿರುಗಿ, “ಅಯ್ಯೋ, ಲಡ್ಡು ನಿಮಗಿನ್ನೂ ಬಂದಿಲ್ವಾ? ನಮಗೆ ಮಧ್ಯಾಹ್ನವೇ ಬಂತಲ್ಲ!” ಎಂದು ಮೂರು ಭಾಷೆಗಳಲ್ಲಿ ಆಶ್ಚರ್ಯಪಟ್ಟೆ. ಬೆಳಿಗ್ಗೆ ನಮ್ಮನೆಯವರು ಫ್ರಿಜ್ಜಿನ ಬಾಗಿಲು ತೆಗೆದವರು ಹೆಪ್ಪಿನ ಬಟ್ಟಲುಗಳ ಸಾಲನ್ನು ಬೆರಳು ಮಾಡಿ ಎಣಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

“ಅದು ಸರಿ, ಹಾಲೆಲ್ಲಿ?”