ದೆಸಾಂಕಾ ಅತ್ತೆಯ ಇಂಜೆಕ್ಷನ್

ನೆವೆನಾ ಮತ್ತು ಅವಳಮ್ಮ ಝಿವ್ಕಾ ಅಂಗಳದಲ್ಲಿ ಕೂತು ಸುಟ್ಟ ದೊಣ್ಣೆಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದರು. ಚಳಿಗಾಲದ ಐವಾರ್ ಚಟ್ನಿಗೆಂದು ಮೂಟೆಗಟ್ಟಲೆ ಕಾಯಿ. ಬೆರಳು ಚುರ್ರೆನ್ನುತ್ತಿತ್ತು. ಮಗಳು ಬುಕಾರೆಸ್ಟಿನಿಂದ ಪೋಕರ್ ಜೂಜಿನಲ್ಲಿ ಕಪ್ ಗೆದ್ದು ತಂದಾಗಿನಿಂದ ಅಮ್ಮನ ಮುಖ ಬೀಗ ಹಾಕಿದ ಅಂಗಡಿ. ಆ ಕಪ್ ಈಗ ಮಂಚದಡಿಯಲ್ಲಿ, ಹಳೇ ಚಪ್ಪಲಿಗಳ ಜೊತೆ.

ಗಡಿಯೂರು ಗೆವ್ಗೆಲಿಯಾದ ಕ್ಯಾಸಿನೊದಲ್ಲಿ ಗ್ರೀಕ್ ಲಾರಿ ಮಾಲೀಕರೆದುರು ಆಡಿ ಕಲಿತ ನೆವೆನಾ ಈಗ ಟೀವಿಯಲ್ಲಿ ತೋರಿಸುವಂಥ ದೊಡ್ಡ ಮೇಜಿಗೆ ಏರಿದ್ದಳು. ಆಟಕ್ಕೆ ಕೂತರೆ, ಮೂಗಿನ ಮೇಲೆ ನೊಣ ನಡೆದಾಡಿದರೂ ಮುಖ ಕದಲದು. ಆದರೆ ಅಮ್ಮ ಬೀದಿಗೆಲ್ಲ ಹೇಳಿದ್ದು, "ನಮ್ಮ ಹುಡುಗಿ ನರ್ಸು. ರಾತ್ರಿ ಪಾಳಿ." ತನ್ನಿಂದ ಅಮ್ಮ ಸುಳ್ಳು ಹೇಳಬೇಕಾಯಿತಲ್ಲ ಎಂದು ನೆವೆನಾ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ದೆಸಾಂಕಾ ಸಿರಿಂಜು, ಔಷಧಿ ಹಿಡಿದು, ಸೊಂಟ ಒತ್ತಿಕೊಳ್ಳುತ್ತ ಬಂದಳು.

"ಸೊಂಟ ಹಿಡ್ಕೊಂಡ್ಬಿಟ್ಟಿದೆ ಕಣೇ. ಪಕ್ಕದಲ್ಲೇ ನರ್ಸ್ ಇರೋವಾಗ ಆಸ್ಪತ್ರೇಲಿ ಯಾಕೆ ಸಾಲು ನಿಲ್ಲಲಿ? ಚುಚ್ಚು."

"ಕೈಯೆಲ್ಲ ಮಸಿ, ಅತ್ತೆ..."

"ನಲ್ಲಿ ಇಲ್ವಾ? ಸೋಪಿಲ್ವಾ?"

ಬೇಲಿಯಾಚೆಯಿಂದ ತ್ರಾಯ್ಕೊ ಮುದುಕನ ತಲೆ ಮೂಡಿತು. "ಆಮೇಲೆ ನನ್ನ ಬೀಪೀನೂ ನೋಡ್ಬಿಡಮ್ಮ."

ದೆಸಾಂಕಾ ಬೆಂಚಿನ ಮೇಲೆ ಬೋರಲಾಗಿ ಮಲಗಿ ಲಂಗ ಜಾರಿಸಿದಳು. ಎದುರಿಗೆ ಹದವಾಗಿ ಉಬ್ಬಿದ ಹಿಟ್ಟಿನ ಮುದ್ದೆಯಂಥ ಬೆಳ್ಳನೆಯ ಗುಡ್ಡ. ನೆವೆನಾ ಸಿರಿಂಜಿಗೆ ಔಷಧಿ ಎಳೆದಳು. ಮುಖ ಕಲ್ಲು, ಸೂಜಿ ಮಾತ್ರ ಗುಡ್ಡದ ಹತ್ತಿರ ಹೋಗಿ ಹೋಗಿ ವಾಪಸು ಬಂತು.

"ಚುಚ್ಚೇ," ಅಮ್ಮ ಪಿಸುಗುಟ್ಟಿದಳು. "ನನ್ನ ಮಾನ ಉಳಿಸೇ."

ನೆವೆನಾ ಸೂಜಿ ಕೆಳಗಿಟ್ಟಳು. ಮುಖ ಕಿವಿಯವರೆಗೂ ಕೆಂಪೇರಿತು.

"ಅತ್ತೆ, ನಾನು ನರ್ಸಲ್ಲ. ಜೂಜಾಡ್ತೀನಿ. ಪೋಕರ್."

ದೆಸಾಂಕಾ ಹುಡುಗಿಯಂತೆ ಛಂಗನೆ ಎದ್ದಳು. ಸೊಂಟನೋವು ಎಲ್ಲಿ ಹೋಯಿತೋ! "ಝಿವ್ಕಾ, ಸೋತೆ! ಐವಾರ್ ಪೂರ್ತಿ ನಂದು!"

ನೆವೆನಾ ಕಕ್ಕಾಬಿಕ್ಕಿ. "ಅಂದ್ರೆ... ನಿಮಗೆ ಗೊತ್ತಿತ್ತಾ?"

"ನಿಮ್ಮಮ್ಮನೇ ಎಲ್ಲರನ್ನೂ ಕರೆದು ಟೀವೀಲಿ ನಿನ್ನ ಆಟ ತೋರಿಸಿದ್ಲು ತಾಯಿ," ಎಂದ ತ್ರಾಯ್ಕೊ. "ನರ್ಸು ಕಥೆಯೆಲ್ಲ ನಿನ್ನೆದುರಿಗೆ ಮಾತ್ರ. ಏನು ಬಂದ್ರೂ ನನ್ನ ಮಗಳು ಮುಖದಲ್ಲಿ ಗುಟ್ಟು ಬಿಟ್ಟುಕೊಡಲ್ಲ, ಚುಚ್ಚೇ ಚುಚ್ತಾಳೆ ಅಂತ ಪಂದ್ಯ ಕಟ್ಟಿದ್ಲು."

ಬೀಗ ಹಾಕಿದ ಆ ಮುಖ ತನಗೆ ಎಲ್ಲಿಂದ ಬಂತೆಂದು ನೆವೆನಾಗೆ ಆಗ ತಿಳಿಯಿತು.

"ಬುಕಾರೆಸ್ಟಲ್ಲಿ ಆ ಗಡ್ಡದ ಆಟಗಾರನ ಮುಂದೆ ಅಷ್ಟು ಹೊತ್ತು ಮುಖ ಕದಲಿಸದೆ ಕೂತೆ," ಅಮ್ಮ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ದೆಸಾಂಕಾ ಸೊಂಟದ ಮುಂದೆ ಸೋತ್ಯಲ್ಲೇ! ಇನ್ನು ಯಾವ ಮುಖ ಇಟ್ಕೊಂಡು ಬೀದೀಲಿ ಓಡಾಡ್ಲಿ?"

ಸಂಜೆ ಐವಾರ್ ಬಾಟಲಿಗಳೆಲ್ಲ ದೆಸಾಂಕಾ ಮನೆ ಸೇರಿದವು. ಹೊತ್ತುಕೊಟ್ಟವಳು ನೆವೆನಾಳೇ. ಆಮೇಲೆ ದ್ರಾಕ್ಷಿ ಚಪ್ಪರದಡಿ ಅಮ್ಮ, ದೆಸಾಂಕಾ, ತ್ರಾಯ್ಕೊ ಮೂವರೂ ಇಸ್ಪೀಟಿಗೆ ಕೂತರು. ಸುಟ್ಟ ಬೆರಳುಗಳನ್ನು ಊದಿಕೊಳ್ಳುತ್ತ ನೆವೆನಾ ಬೇಲಿ ಪಕ್ಕ ಬಂದು ನಿಂತಳು. ಮೂವರೂ ತಮ್ಮ ತಮ್ಮ ಎಲೆಗಳನ್ನು ಎದೆಗೊತ್ತಿಕೊಂಡರು.

"ನಂಗೂ ಎಲೆ ಹಾಕಿ, ಅತ್ತೆ," ಎಂದಳು ನೆವೆನಾ.