ಫೇಲ್ ಮಾಡಿ ಮಿಸ್

ಪಾಠ ಮಾಡುವುದಕ್ಕಿಂತ ಫಲಿತಾಂಶದ ದಿನಗಳಲ್ಲಿ ಮುಖ ಸಂಭಾಳಿಸುವುದೇ ಕಷ್ಟ ಎಂದು ಯಾವ ಟೀಚರನ್ನು ಕೇಳಿದರೂ ಹೇಳಿಯಾರು. "ಹೇಗಾದ್ರೂ ಪಾಸ್ ಮಾಡ್ಬಿಡಿ ಮಿಸ್" ಎಂದು ಬರುವ ತಂದೆತಾಯಂದಿರಿಗಾಗಿ ನಾನೊಂದು ಮುಖವನ್ನು ಸಿದ್ಧವಾಗಿಟ್ಟುಕೊಂಡಿದ್ದೇನೆ. ಅದರಲ್ಲಿ ಅರ್ಧ ಕನಿಕರ, ಅರ್ಧ ಕಾನೂನು. ನಮ್ಮ ಯಜಮಾನರು ಅದನ್ನು 'ಕೌಂಟರ್ ಮುಚ್ಚಿದೆ' ಮುಖ ಎನ್ನುತ್ತಾರೆ. ಗೋವಿಂದರಾಜನಗರದ ನಮ್ಮ ಶಾಲೆಗೆ ಈ ಏಪ್ರಿಲ್‌ನಲ್ಲಿ ಬಂದ ಸುಮಿತ್ರಾ "ನನ್ ಮಗಳನ್ನ ಫೇಲ್ ಮಾಡಿ ಮಿಸ್" ಎಂದಾಗ ಹಾಕಿಕೊಳ್ಳಲು ನನ್ನ ಬಳಿ ಯಾವ ಮುಖವೂ ಇರಲಿಲ್ಲ.

ಸುಮಿತ್ರಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಮಗಳು ಚೈತ್ರಾ ನನ್ನ ಆರನೇ ತರಗತಿಯಲ್ಲಿದ್ದಳು. ವಾರ್ಷಿಕೋತ್ಸವದ ಕುಣಿತಕ್ಕೆ ಅವಳೇ ಮುಂದು, ಓದಲು ನಿಲ್ಲಿಸಿದರೆ ಮಾತ್ರ ಕೆಮ್ಮು.

"ಮದುವೆ ಪತ್ರಿಕೆ ಕೊಟ್ಟು ಓದೇ ಅಂದೆ ಮಿಸ್. 'ಎಲ್ರೂ ಬರ್ಬೇಕಂತೆ ಕಣಮ್ಮ' ಅಂದ್ಲು. ಎಲ್ಲಿಗೇ ಅಂದ್ರೆ, 'ಊಟಕ್ಕೆ' ಅಂತಾಳೆ!"

ನಾನು ನಕ್ಕೆ. ಸುಮಿತ್ರಾ ನಗಲಿಲ್ಲ. "ಹೀಗೇ ಮುಂದೆ ತಳ್ತಾ ಹೋದ್ರೆ ಕೊನೇಗೆ ನನ್ ಪಕ್ಕದ ಮಿಷನ್ನಿಗೆ ಬಂದು ಕೂತ್ಕೋತಾಳೆ" ಎಂದರು.

ಮುಖ್ಯೋಪಾಧ್ಯಾಯರು ತೀರ್ಮಾನವನ್ನು ನನಗೇ ಬಿಟ್ಟರು. ಉಳಿಸಿಕೊಳ್ಳುವುದೇ ಸರಿ ಎಂದು ಮನಸ್ಸು ವಾಲಿತ್ತು. ಅಡಿಪಾಯವಿಲ್ಲದೆ ಮಹಡಿ ಕಟ್ಟುವುದು ಹೇಗೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುವವಳು ನಾನೇ. ಆದರೆ ಅಮ್ಮನ ಹಿಂದೆ ನಿಂತಿದ್ದ ಚೈತ್ರಾ ಬಾಯಿಬಿಟ್ಟಳು.

"ನಾನು ಚಿಕ್ಕೋರ ಜೊತೆ ಕೂತ್ಕೊಳಲ್ಲ. ಸ್ಕೂಲೇ ಬೇಡ."

"ಓದೋಕ್ ಬರ್ದೆ ಏಳನೇ ಕ್ಲಾಸಲ್ಲಿ ಏನ್ ಮಾಡ್ತೀಯೇ?" ಎಂದು ಅಮ್ಮ ಗದರಿದರು.

"ಇಲ್ಲೇ ಇದ್ರೆ ಬರತ್ತಾ? ಈ ವರ್ಷ ಪೂರ್ತಿ ಇಲ್ಲೇ ಇದ್ನಲ್ಲಾ!"

ಅವಳು ಹೇಳಿದ್ದು ಅಮ್ಮನಿಗೆ, ತಾಗಿದ್ದು ನನಗೆ. ಅದೇ ಬೆಂಚು, ಅದೇ ಪಾಠ, ಅದೇ ನಾನು. ಇನ್ನೊಂದು ವರ್ಷ ಕೂರಿಸಿಕೊಂಡು ನಾನಾದರೂ ಹೊಸದೇನು ಮಾಡುತ್ತಿದ್ದೆ?

ಕೊನೆಗೆ ಅವಳನ್ನು ಏಳಕ್ಕೆ ಕಳಿಸಿದೆ, ರಜೆಯಲ್ಲಿ ಬೆಳಿಗ್ಗೆ ಹೊತ್ತು ವಿಜಯನಗರದ ನಮ್ಮ ಮನೆಗೆ ಬರಬೇಕೆಂಬ ಷರತ್ತಿನ ಮೇಲೆ. ಆಗ ತಿಳಿಯಿತು, ಹುಡುಗಿ ಎಡವುತ್ತಿದ್ದುದು ಒತ್ತಕ್ಷರದಲ್ಲಿ. ಒತ್ತು ಕಂಡಲ್ಲೆಲ್ಲ ಹಾರಿಬಿಡುತ್ತಿದ್ದಳು. ಮಾರ್ಕೆಟ್ಟಿನ ಕಡೆ ಕರೆದುಕೊಂಡು ಹೋಗಿ ಬೋರ್ಡು ಓದಿಸಿದೆ. "ಅಕಿ ರೊಟಿ" ಎಂದಳು. "ಒತ್ತಿಲ್ಲದ ರೊಟ್ಟಿ ಬೇಯಲ್ಲ ಕಣೇ, ಇನ್ನೊಂದ್ಸಲ ನೋಡು" ಎಂದೆ. ನಗುತ್ತಲೇ ಗಟ್ಟಿಯಾಗಿ ಓದಿದಳು. ಆರ್ಡರ್ ಎಂದುಕೊಂಡ ಹೋಟೆಲಿನವರು ಎರಡು ಪ್ಲೇಟ್ ತಂದಿಟ್ಟರು. ಜೂನ್ ಹೊತ್ತಿಗೆ ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ, ಒಂದು ಪುಟ ಮುಗಿಸುವಷ್ಟಾದಳು. ಏಳನೇ ತರಗತಿಗೆ ಇಷ್ಟು ಸಾಲದು ಎಂದು ನನಗೆ ಗೊತ್ತು. ಹಾಗೆಂದು ಶಾಲೆಯನ್ನೇ ಬಿಟ್ಟುಹೋಗಿದ್ದರೆ ಇಷ್ಟೂ ಆಗುತ್ತಿರಲಿಲ್ಲ ಎನ್ನುವುದೂ ಗೊತ್ತು. ಎಲ್ಲ ಮಕ್ಕಳಿಗೂ ಒಂದೇ ನ್ಯಾಯ ಹೇಳಲು ಈಗ ಧೈರ್ಯ ಸಾಲದು.

ಶಾಲೆ ಶುರುವಾಯಿತು. ಗಣಿತದ ಟೀಚರ್ ಕೆಲಸ ಬಿಟ್ಟದ್ದರಿಂದ ಮುಖ್ಯೋಪಾಧ್ಯಾಯರು "ಏಳನೇ ಕ್ಲಾಸಿನ ಗಣಿತ ನೀವೇ ತಗೊಳ್ಳಿ" ಎಂದು ನನ್ನನ್ನೂ ಮೇಲಕ್ಕೆ ತಳ್ಳಿದರು. ಮೊದಲ ವಾರವೇ ಬೀಜಗಣಿತದ ಲೆಕ್ಕವೊಂದು ಬೋರ್ಡಿನ ಮೇಲೆ ಸಿಕ್ಕಿಹಾಕಿಕೊಂಡಿತು. ನಾನು ಒರೆಸಿದೆ, ಬರೆದೆ, ಮತ್ತೆ ಒರೆಸಿದೆ; ಕೆಮ್ಮಿದೆ ಕೂಡ.

"ಪರ್ವಾಗಿಲ್ಲ ಮಿಸ್, ನಿಧಾನಕ್ಕೆ ಮಾಡಿ" ಎಂದಳು ಚೈತ್ರಾ ಮುಂದಿನ ಬೆಂಚಿನಿಂದ.

ನನ್ನನ್ನು ಆರರಲ್ಲೇ ಉಳಿಸಿಕೊಳ್ಳಿ ಎಂದು ಕೇಳಲು ಯಾರೂ ಬಂದಿರಲಿಲ್ಲ, ನೋಡಿ.